ಪಾಂತನಾಲ್: ನೆರೆಯ ಬಯಲು, ದನದ ಹಿಂಡು, ಜಾಗ್ವಾರ್ ಪ್ರವಾಸ

ಪಾಂತನಾಲ್ ದಕ್ಷಿಣ ಅಮೆರಿಕದ ನಟ್ಟನಡುವೆ, ಪರಾಗ್ವೆ ನದಿಯ ಮೇಲ್ಭಾಗದ ಉದ್ದಕ್ಕೂ ಹರಡಿಕೊಂಡಿರುವ ನೆರೆಬಯಲು. ಅದರ ದೊಡ್ಡ ಪಾಲು, ಸುಮಾರು ಒಂದೂವರೆ ಲಕ್ಷ ಚದರ ಕಿಲೋಮೀಟರ್, ಬ್ರೆಜಿಲ್ ದೇಶದ ಮಾತೊ ಗ್ರೊಸೊ ಮತ್ತು ಮಾತೊ ಗ್ರೊಸೊ ದೊ ಸುಲ್ ರಾಜ್ಯಗಳಲ್ಲಿದೆ. ಉಳಿದದ್ದು ಬೊಲಿವಿಯಾ ಮತ್ತು ಪರಾಗ್ವೆ ದೇಶಗಳಿಗೆ ಸೇರಿದೆ. ಬ್ರೆಜಿಲ್‌ನ ಪಾಲೊಂದೇ ಕರ್ನಾಟಕದ ವಿಸ್ತೀರ್ಣದ ಮುಕ್ಕಾಲು ಭಾಗಕ್ಕಿಂತ ಹೆಚ್ಚು. ಪೋರ್ಚುಗೀಸ್ ಭಾಷೆಯಲ್ಲಿ ಈ ಹೆಸರಿಗೆ ಜೌಗು ನೆಲವೆಂಬ ಅರ್ಥವಿದೆ. ಅದು ವರ್ಷದ ಒಂದು ಭಾಗಕ್ಕೆ ಮಾತ್ರ ನಿಜ. ಮಿಕ್ಕ ತಿಂಗಳುಗಳಲ್ಲಿ ಇದು ಒಣಹುಲ್ಲಿನ, ಅಲ್ಲಲ್ಲಿ ಮರಗಳ ಗುಂಪಿರುವ ಸವನ್ನಾ. ನವೆಂಬರಿನಿಂದ ಮಾರ್ಚಿನವರೆಗೆ ಸುತ್ತಲಿನ ಎತ್ತರದ ನಾಡಿನಲ್ಲೂ ಬಯಲಿನ ಉತ್ತರದಲ್ಲೂ ಮಳೆ ಸುರಿಯುತ್ತದೆ. ಬಯಲಿನ ಇಳಿಜಾರು ಕಿಲೋಮೀಟರಿಗೆ ಕೆಲವೇ ಸೆಂಟಿಮೀಟರ್ ಆದ್ದರಿಂದ ಆ ನೀರು ಹರಿಯುವುದಕ್ಕಿಂತ ಹೆಚ್ಚಾಗಿ ತೆವಳುತ್ತದೆ. ಉತ್ತರದಲ್ಲಿ ಬಿದ್ದ ಮಳೆ ದಕ್ಷಿಣದ ಕೊರುಂಬಾ ಪಟ್ಟಣದ ಸುತ್ತ ನೆರೆಯಾಗಿ ಏರುವುದು ಏಪ್ರಿಲಿನಿಂದ ಜೂನಿನ ನಡುವೆ, ಅಲ್ಲಿನ ಆಕಾಶದಲ್ಲಿ ಮೋಡವೇ ಇಲ್ಲದ ಕಾಲದಲ್ಲಿ. ನೀರು ಏರಿದಾಗ ಮೀನುಗಳು ಹುಲ್ಲಿನೊಳಗೆ ಹರಡಿ ಮೇಯುತ್ತವೆ; ಇಳಿದಾಗ ಹೊಂಡಗಳಲ್ಲಿ ಸಿಕ್ಕಿಬೀಳುತ್ತವೆ. ಆಗ ತುಯುಯು ಎಂದು ಕರೆಯುವ ಜಬಿರು ಕೊಕ್ಕರೆಗಳು, ಕೇಮನ್ ಮೊಸಳೆಗಳು, ದೈತ್ಯ ನೀರುನಾಯಿಗಳು ಆ ಹೊಂಡಗಳನ್ನು ಮುತ್ತುತ್ತವೆ. ಜರ್ಮನಿಯ ವಿಜ್ಞಾನಿ ವೋಲ್ಫ್‌ಗಾಂಗ್ ಯುಂಕ್ ಮತ್ತು ಸಂಗಡಿಗರು 1989ರಲ್ಲಿ ಇಂಥ ನದೀಬಯಲುಗಳ ಜೀವನವನ್ನೆಲ್ಲ ನಡೆಸುವುದು ನೀರಿನ ಈ ಏರಿಳಿತವೇ ಎಂದು ಪ್ರತಿಪಾದಿಸಿ ಅದಕ್ಕೆ ನೆರೆಯ ನಾಡಿಮಿಡಿತವೆಂಬ ಅರ್ಥದ ಹೆಸರಿಟ್ಟರು. ಬೆಂಗಳೂರಿನ ಕೆರೆಗಳನ್ನು ಮುಚ್ಚಿಹಾಕುವ ನೇರಳೆ ಹೂವಿನ ಜಲಕಳೆ ಇಂಥ ನೀರಿನ ತವರಿನಿಂದಲೇ ಬಂದದ್ದು. ಅಲ್ಲಿ ಅದು ಕಳೆಯಲ್ಲ. ಪ್ರತಿ ವರ್ಷದ ಇಳಿತ ಅದನ್ನು ಒಣಗಿಸಿ ಹತೋಟಿಯಲ್ಲಿಡುತ್ತದೆ.

ಪಾಂತನಾಲನ್ನು ಇಷ್ಟು ಕಾಲ ಕಾಯ್ದದ್ದು ಅಭಯಾರಣ್ಯಗಳಲ್ಲ ಎಂಬುದನ್ನು ಮೊದಲೇ ಹೇಳಬೇಕು. ಬ್ರೆಜಿಲ್ ಭಾಗದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೆಲ ಖಾಸಗಿಯವರದ್ದು. 1981ರಲ್ಲಿ ಸ್ಥಾಪನೆಯಾಗಿ 1993ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದ ಪಾಂತನಾಲ್ ಮಾತೊಗ್ರೊಸೆನ್ಸೆ ರಾಷ್ಟ್ರೀಯ ಉದ್ಯಾನ ಒಟ್ಟು ವಿಸ್ತಾರದಲ್ಲಿ ಒಂದು ಸಣ್ಣ ಚೂರು. ನಾಗರಹೊಳೆ, ಬಂಡೀಪುರಗಳಲ್ಲಿ ಕಾಡು ಸರ್ಕಾರದ್ದು, ದನ ಒಳಗೆ ಬಂದರೆ ಅಪರಾಧ ಎಂಬ ಲೆಕ್ಕಕ್ಕೆ ಒಗ್ಗಿದ ನಮಗೆ ಇಲ್ಲಿನ ಸ್ಥಿತಿ ತಲೆಕೆಳಗಾಗಿ ಕಾಣುತ್ತದೆ. ಕುಯಿಯಬಾದಲ್ಲಿ ಚಿನ್ನ ಸಿಕ್ಕ ಮೇಲೆ, 18ನೇ ಶತಮಾನದಿಂದ, ಈ ಬಯಲಿನಲ್ಲಿ ದನ ಮೇಯುತ್ತಿವೆ. ಫಜೆಂಡಾ ಎಂದು ಕರೆಯುವ ಇಲ್ಲಿನ ದನದ ಹಿಡುವಳಿಗಳು ಸಾವಿರಾರು ಹೆಕ್ಟೇರುಗಳಷ್ಟು ದೊಡ್ಡವು, ಏಕೆಂದರೆ ನೆರೆ ಬಂದಾಗ ಹಿಂಡನ್ನು ಎತ್ತರದ ದಿಬ್ಬಗಳಿಗೆ ಹೊಡೆದುಕೊಂಡು ಹೋಗಲು ಅಷ್ಟು ಜಾಗ ಬೇಕು. ಇಂದು ಅಲ್ಲಿ ಮೇಯುವ ಬಿಳಿಯ, ಡುಬ್ಬದ ದನಗಳ ಹೆಸರು ನೆಲೋರೆ. ಆಂಧ್ರದ ನೆಲ್ಲೂರಿನಿಂದ ಬಂದ ಹೆಸರು, ನಾವು ಓಂಗೋಲ್ ಎನ್ನುವ ತಳಿಯ ಸಂತಾನ. 19ನೇ ಶತಮಾನದಿಂದ 1960ರ ದಶಕದ ಮೊದಲ ವರ್ಷಗಳವರೆಗೆ ಹಡಗಿನಲ್ಲಿ ಹೋದ ಹಸು–ಹೋರಿಗಳಿಂದ ಬೆಳೆದ ಹಿಂಡು ಈಗ ಬ್ರೆಜಿಲ್‌ನ ಮಾಂಸೋದ್ಯಮದ ಬೆನ್ನೆಲುಬಾಗಿದೆ. ನೆರೆ ಬರುವ ನೆಲದಲ್ಲಿ ನೇಗಿಲು ಹೂಡಲು ಆಗುವುದಿಲ್ಲ, ಬೇಲಿ ನಿಲ್ಲುವುದಿಲ್ಲ, ರಸ್ತೆ ಉಳಿಯುವುದಿಲ್ಲ. ಹಾಗಾಗಿ ಸಹಜ ಹುಲ್ಲು ಹುಲ್ಲಾಗಿಯೇ ಉಳಿಯಿತು, ಅದರೊಂದಿಗೆ ಜೌಗು ಜಿಂಕೆ, ಕ್ಯಾಪಿಬಾರ, ಟೇಪಿರ್, ಇರುವೆಬಾಕ, ಜಾಗ್ವಾರ್ ಎಲ್ಲವೂ ಉಳಿದವು. ಇಲ್ಲಿ ಕಾವಲುಗಾರ ನೀರು. ದನ ಸಾಕುವವರು ಆ ನೀರಿನ ನಿಯಮಕ್ಕೆ ತಲೆಬಾಗಿ ಬಾಳಿದವರು. ವನ್ಯಜೀವಿ ಪ್ರವಾಸೋದ್ಯಮ ಈ ಎರಡನ್ನೂ, ಅಂದರೆ ನೆರೆಯನ್ನೂ ತೆರೆದ ಮೇವಿನ ಬಯಲನ್ನೂ, ಎಷ್ಟರ ಮಟ್ಟಿಗೆ ಉಳಿಸುತ್ತದೆ ಎಂಬುದೇ ಅದರ ಬೆಲೆಯನ್ನು ಅಳೆಯುವ ಸರಿಯಾದ ಮಾನದಂಡ. ಆ ಅಳತೆಯಲ್ಲಿ ನೋಡಿದರೆ ಅದರ ಸಾಧನೆ ದೊಡ್ಡದು, ಅದರ ಕೈ ಮಾತ್ರ ಇನ್ನೂ ಮೋಟು.

ಪಾಂತನಾಲಿಗೆ ಹೊರಗಿನವರು ಬಂದದ್ದು ಮೊದಲು ಬಂದೂಕು ಹಿಡಿದು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1913ರ ಕೊನೆಯಲ್ಲಿ ಪರಾಗ್ವೆ ನದಿಯ ಮೂಲಕ ಇಲ್ಲಿಗೆ ಬಂದು ಫಜೆಂಡಾಗಳಲ್ಲಿ ಉಳಿದು ಜಾಗ್ವಾರ್ ಬೇಟೆಯಾಡಿದರು; ಆಮೇಲೆಯೇ ಅವರು ಬ್ರೆಜಿಲ್‌ನ ಸೇನಾನಿ ರೊಂಡೊನ್ ಜೊತೆ ಅಮೆಜಾನ್ ಕಡೆ ತಿರುಗಿದ್ದು. ಲಾಟ್ವಿಯಾ ಮೂಲದ ಸಾಶಾ ಸೀಮೆಲ್ ಭರ್ಜಿಯಿಂದ ಜಾಗ್ವಾರ್ ಇರಿಯುವ ವಿದ್ಯೆಯನ್ನು ಇಲ್ಲಿ ಕಲಿತು, ಪುಸ್ತಕ ಬರೆದು ಹೆಸರಾದರು. ಶತಮಾನದ ನಡುಭಾಗದಲ್ಲಿ ತುಪ್ಪಳ ಮತ್ತು ಚರ್ಮದ ವ್ಯಾಪಾರ ಜಾಗ್ವಾರ್ ಮತ್ತು ದೈತ್ಯ ನೀರುನಾಯಿಗಳನ್ನು ಬಹುತೇಕ ಬರಿದು ಮಾಡಿತು. ಬ್ರೆಜಿಲ್ 1967ರ ಕಾನೂನಿನಿಂದ ವಾಣಿಜ್ಯ ಬೇಟೆಯನ್ನು ನಿಷೇಧಿಸಿತು. 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದ ಜಾಗ್ವಾರ್ ಚರ್ಮದ ಅಂತರರಾಷ್ಟ್ರೀಯ ಮಾರುಕಟ್ಟೆಯ ಬಾಗಿಲು ಮುಚ್ಚಿತು. ಕಳ್ಳಬೇಟೆಗಾರರು ಆಗ ಕೇಮನ್ ಮೊಸಳೆಗಳ ಕಡೆ ತಿರುಗಿದರು. 1980ರ ದಶಕದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಚರ್ಮಗಳು ಗಡಿ ದಾಟಿದವು. 1990ರ ದಶಕದಲ್ಲಿ ಆ ವ್ಯಾಪಾರ ಕುಸಿದ ಮೇಲೆ ಮೊಸಳೆಗಳು ಎಷ್ಟು ಬೇಗ ತುಂಬಿಕೊಂಡವೆಂದರೆ, ಇಂದು ಒಣಕಾಲದಲ್ಲಿ ಒಂದೊಂದು ಹೊಂಡದಂಚಿನಲ್ಲಿ ನೂರಾರು ಒಟ್ಟಿಗೆ ಮಲಗಿರುವುದು ಸಾಮಾನ್ಯ ನೋಟ. ಈ ಚೇತರಿಕೆಗೆ ಪ್ರವಾಸಿಗರು ಕಾರಣರಲ್ಲ. ಕಾನೂನು, ಮಾರುಕಟ್ಟೆಯ ಮುಚ್ಚುಗಡೆ ಮತ್ತು ಕೆಡದೆ ಉಳಿದಿದ್ದ ನೆಲೆ ಈ ಮೂರೂ ಸೇರಿ ಪ್ರಾಣಿಗಳನ್ನು ಮರಳಿ ತಂದವು. ಪ್ರಾಣಿಗಳು ಮರಳಿದ ನಂತರ ಪ್ರವಾಸಿಗರು ಬಂದರು. ಈ ಅನುಕ್ರಮವನ್ನು ಮರೆತು ಪ್ರವಾಸವೇ ವನ್ಯಜೀವಿಯನ್ನು ಉಳಿಸಿತು ಎಂದು ಹೇಳುವ ಪ್ರಚಾರಪತ್ರಗಳು ಕಾರಣ–ಪರಿಣಾಮಗಳನ್ನು ಅದಲುಬದಲು ಮಾಡುತ್ತವೆ.

ಬಂದೂಕಿನ ನಂತರ ಬಂದದ್ದು ಗಾಳ. 1970 ಮತ್ತು 80ರ ದಶಕಗಳಲ್ಲಿ ಸಾವೊ ಪಾವ್ಲೊ ಮೊದಲಾದ ದೊಡ್ಡ ನಗರಗಳಿಂದ ಹವ್ಯಾಸಿ ಮೀನುಗಾರರು ಪಿಂತಾದೊ, ಪಾಕು, ದೊರಾದೊ ಮೀನುಗಳಿಗಾಗಿ ಬರತೊಡಗಿದರು. ಪೊಕೊನೆ ಊರಿನಿಂದ ಬಯಲಿನ ಎದೆಯನ್ನು ಸೀಳಿ ಕೊರುಂಬಾ ತನಕ ಹೋಗಬೇಕೆಂದು 1970ರ ದಶಕದ ಮೊದಲಲ್ಲಿ ಆರಂಭಿಸಿದ ಟ್ರಾನ್ಸ್‌ಪಾಂತನೇರಾ ರಸ್ತೆ ಸುಮಾರು 145 ಕಿಲೋಮೀಟರ್ ಸಾಗಿ, ನೂರಕ್ಕೂ ಹೆಚ್ಚು ಮರದ ಸೇತುವೆಗಳನ್ನು ದಾಟಿ, ಕುಯಿಯಬಾ ನದಿಯ ದಡದ ಪೋರ್ಟೊ ಜೋಫ್ರೆಯಲ್ಲಿ ನಿಂತುಹೋಯಿತು. ನೀರು ಅದನ್ನು ಮುಂದೆ ಬಿಡಲಿಲ್ಲ. ರಸ್ತೆ ಎತ್ತರಿಸಲು ಮಣ್ಣು ತೆಗೆದ ಹೊಂಡಗಳಲ್ಲಿ ನೀರು ನಿಂತು, ಆ ಮಣ್ಣುದಾರಿಯೇ ಪಕ್ಷಿವೀಕ್ಷಕರ ಬೀಡಾಯಿತು. ಇದೇ ಹೊತ್ತಿಗೆ, ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿಯ ಅಧ್ಯಯನದಿಂದ ಹೆಸರಾಗಿದ್ದ ಜಾರ್ಜ್ ಶಾಲರ್ ಪಾಂತನಾಲಿಗೆ ಬಂದು, ಬ್ರೆಜಿಲ್‌ನ ಪೀಟರ್ ಕ್ರಾಶಾ ಜೊತೆಗೂಡಿ ಜಾಗ್ವಾರ್‌ಗಳಿಗೆ ರೇಡಿಯೊ ಪಟ್ಟಿ ತೊಡಿಸಿ ಮೊದಲ ಗಂಭೀರ ಅಧ್ಯಯನ ನಡೆಸಿದರು. ಆಗ ಜಾಗ್ವಾರ್ ಕಣ್ಣಿಗೆ ಬೀಳುವುದೇ ಅಪರೂಪ. ಹೆಜ್ಜೆಗುರುತು, ಬೇಟೆಯ ಅವಶೇಷಗಳಿಂದಲೇ ಅದನ್ನು ಅರಿಯಬೇಕಿತ್ತು.

ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಆದ ಬದಲಾವಣೆ ಬೆರಗಿನದು. 2000ದ ನಂತರ ಪೋರ್ಟೊ ಜೋಫ್ರೆಯ ಸುತ್ತಲಿನ ನದಿಗಳಲ್ಲಿ, 2004ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಎನ್‌ಕೊಂತ್ರೊ ದಾಸ್ ಆಗ್ವಾಸ್ ಉದ್ಯಾನದ ಅಂಚುಗಳಲ್ಲಿ, ಹಗಲಿನಲ್ಲೇ ದಡದ ಮೇಲೆ ಮಲಗುವ, ದೋಣಿಯ ಕಣ್ಣೆದುರೇ ನೀರಿಗೆ ಧುಮುಕಿ ಮೊಸಳೆ ಹಿಡಿಯುವ ಜಾಗ್ವಾರ್‌ಗಳು ಕಾಣತೊಡಗಿದವು. ಮೀನುಗಾರರಿಗೆ ದೋಣಿ ನಡೆಸುತ್ತಿದ್ದವರೇ ಜಾಗ್ವಾರ್ ದೋಣಿಗಳ ಚಾಲಕರಾದರು. ಜುಲೈಯಿಂದ ಅಕ್ಟೋಬರಿನ ತನಕದ ಒಣಕಾಲದಲ್ಲಿ ಇಂದು ಜಗತ್ತಿನಲ್ಲಿ ಕಾಡಿನ ಜಾಗ್ವಾರ್ ಕಾಣಲು ಇದಕ್ಕಿಂತ ಭರವಸೆಯ ಜಾಗ ಇನ್ನೊಂದಿಲ್ಲ. ಇಲ್ಲಿನ ಜಾಗ್ವಾರ್‌ಗಳ ಸಂಖ್ಯೆಯನ್ನು ಅಂದಾಜು ಮಾಡಿದ ವಿಧಾನಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ. ಮೈಮೇಲಿನ ಗುರುತುಗಳಿಂದ ಒಂದೊಂದು ಪ್ರಾಣಿಯನ್ನೂ ಬೇರೆ ಬೇರೆಯಾಗಿ ಗುರುತಿಸಿ, ಕ್ಯಾಮೆರಾ ಟ್ರ್ಯಾಪಿನ ಚಿತ್ರಗಳಿಂದ ಸಂಖ್ಯಾಶಾಸ್ತ್ರದ ಮೂಲಕ ಸಾಂದ್ರತೆ ಲೆಕ್ಕ ಹಾಕುವ ಕ್ರಮವನ್ನು ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳ ಮೇಲೆ ಪ್ರಯೋಗಿಸಿ 1995ರಲ್ಲಿ ಪ್ರಕಟಿಸಿದರು. ಅದೇ ಕ್ರಮ ಪಾಂತನಾಲಿನ ಜಾಗ್ವಾರ್‌ಗಳಿಗೂ ಬಳಕೆಯಾಯಿತು. 2006ರಲ್ಲಿ ಮರಿಯಾನ ಸೊಯಿಸಾಲೊ ಮತ್ತು ಸಾಂದ್ರಾ ಕವಲ್ಕಾಂತಿ ಕ್ಯಾಮೆರಾದ ಲೆಕ್ಕವನ್ನು ಜಿಪಿಎಸ್ ಪಟ್ಟಿಗಳ ಲೆಕ್ಕದೊಂದಿಗೆ ಇಟ್ಟು ನೋಡಿ, ಕ್ಯಾಮೆರಾವೊಂದನ್ನೇ ನಂಬಿದರೆ ನೂರು ಚದರ ಕಿಲೋಮೀಟರಿಗೆ ಹತ್ತಕ್ಕೂ ಹೆಚ್ಚು ಎಂದು ಬರುವ ಸಂಖ್ಯೆ ಪ್ರಾಣಿಗಳ ನಿಜವಾದ ಓಡಾಟವನ್ನು ಸೇರಿಸಿದಾಗ ಆರೂವರೆಯ ಸುಮಾರಿಗೆ ಇಳಿಯುತ್ತದೆ ಎಂದು ತೋರಿಸಿದರು. ಆ ಕಡಿಮೆ ಸಂಖ್ಯೆಯೂ ಜಾಗ್ವಾರ್ ಇರುವ ಬೇರೆ ಬಹುತೇಕ ನೆಲೆಗಳಿಗೆ ಹೋಲಿಸಿದರೆ ದೊಡ್ಡದೇ.

ಈ ಪ್ರವಾಸದ ಹಣದ ಲೆಕ್ಕವನ್ನು 2017ರಲ್ಲಿ ಫೆರ್ನಾಂಡೊ ತೊರ್ತಾತೊ ಮತ್ತು ಸಂಗಡಿಗರು ಪ್ರಕಟಿಸಿದರು. ಅವರು ಅಧ್ಯಯನ ಮಾಡಿದ ಪ್ರದೇಶದಲ್ಲಿ ಜಾಗ್ವಾರ್ ನೋಡಲು ಬರುವವರಿಂದ ವಸತಿಗೃಹಗಳಿಗೆ ಸಿಗುವ ವಾರ್ಷಿಕ ಒಟ್ಟು ವರಮಾನ ಸುಮಾರು 68 ಲಕ್ಷ ಡಾಲರ್. ಅದೇ ಪ್ರದೇಶದಲ್ಲಿ ಜಾಗ್ವಾರ್‌ಗಳು ದನ ಹಿಡಿಯುವುದರಿಂದ ಆಗಬಹುದಾದ ನಷ್ಟ ವರ್ಷಕ್ಕೆ ಸುಮಾರು 1.2 ಲಕ್ಷ ಡಾಲರ್. ಐವತ್ತಕ್ಕೂ ಹೆಚ್ಚು ಪಟ್ಟಿನ ಅಂತರ. ಜೀವಂತ ಜಾಗ್ವಾರ್ ಸತ್ತ ದನಕ್ಕಿಂತ ಎಷ್ಟೋ ಬೆಲೆಯುಳ್ಳದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಅಂಕಿ ಬೇಡ. ಈ ಅಂಕಿಯನ್ನು ಎಲ್ಲೆಡೆ ಉದ್ಧರಿಸುವವರು ಒಂದು ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ: ಗಳಿಸುವವರೂ ಕಳೆದುಕೊಳ್ಳುವವರೂ ಒಬ್ಬರೇನಾ? ಬಹುಪಾಲು ಅಲ್ಲ. ನದೀತೀರದ ಹೋಟೆಲು, ದೋಣಿ, ಹೊರದೇಶದ ಟೂರ್ ಕಂಪನಿಗಳಿಗೆ ಹಣ ಹೋಗುತ್ತದೆ. ಒಳನಾಡಿನ ಫಜೆಂಡಾದಲ್ಲಿ ಕರು ಸಾಯುತ್ತದೆ. ಕವಲ್ಕಾಂತಿ ಮತ್ತು ಎರಿಕ್ ಗೀಸಿ ದಕ್ಷಿಣ ಪಾಂತನಾಲಿನಲ್ಲಿ ಹತ್ತು ಜಾಗ್ವಾರ್‌ಗಳ 438 ಬೇಟೆಗಳನ್ನು ಗುರುತಿಸಿದಾಗ ಅವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ದನ, ಕಾಲು ಪಾಲು ಕೇಮನ್ ಮೊಸಳೆ, ಐದರಲ್ಲೊಂದು ಪಾಲು ಪೆಕ್ಕರಿ ಎಂಬ ಹಂದಿಯಂಥ ಕಾಡುಪ್ರಾಣಿ. ಒಂದು ಪ್ರದೇಶದ ಒಟ್ಟು ಲೆಕ್ಕದಲ್ಲಿ ಪುಡಿಗಾಸಾದದ್ದು ಒಬ್ಬ ಸಣ್ಣ ಮಾಲೀಕನ ಮನೆಯಲ್ಲಿ ವರ್ಷದ ಲಾಭವೇ ಆಗಬಹುದು. ಮೇಲಾಗಿ, ಜಾಗ್ವಾರ್ ಕೊಲ್ಲುವುದರ ಹಿಂದೆ ಹಣದ ಲೆಕ್ಕವೊಂದೇ ಇಲ್ಲ ಎಂದು ಸಿಲ್ವಿಯೊ ಮರ್ಕಿನಿಯವರ ಅಧ್ಯಯನಗಳು ತೋರಿಸಿವೆ: ಭಯ, ನೆರೆಹೊರೆಯವರ ನಿರೀಕ್ಷೆ, ಬೇಟೆಯನ್ನು ಗಂಡಸುತನದ ಗುರುತೆಂದು ಬಗೆಯುವ ಹಳೆಯ ಪರಂಪರೆ ಇವೂ ಸೇರಿವೆ. ಇದಕ್ಕೆಲ್ಲ ಡಾಲರಿನ ಕೋಷ್ಟಕ ಉತ್ತರವಾಗದು.

ಈ ಪ್ರಶ್ನೆಗೆ ಉತ್ತರದ ಕುರುಹುಗಳು ಬಯಲಿನಲ್ಲೇ ಇವೆ. ಕಾಡಿನ ದೊಡ್ಡ ಬೆಕ್ಕುಗಳ ಸಂರಕ್ಷಣೆಗೆ ದುಡಿಯುವ ಪ್ಯಾಂಥೆರಾ ಸಂಸ್ಥೆ ಪೋರ್ಟೊ ಜೋಫ್ರೆಯ ಬಳಿ ತಾನೇ ಫಜೆಂಡಾ ಕೊಂಡು, ದನಗಳ ನಡುವೆ ಎಮ್ಮೆಗಳನ್ನು ಬೆರೆಸುವುದು, ಕರು ಹಾಕುವ ಕಾಲವನ್ನು ಒಂದೇ ತಿಂಗಳುಗಳಿಗೆ ಕೂಡಿಸಿ ಆಗ ಕಾವಲು ಬಿಗಿಗೊಳಿಸುವುದು, ರಾತ್ರಿ ವಿದ್ಯುತ್ ಬೇಲಿಯ ದೊಡ್ಡಿಯಲ್ಲಿ ಕೂಡಿಹಾಕುವುದು ಮುಂತಾದ ಕ್ರಮಗಳನ್ನು ಪರೀಕ್ಷಿಸಿದೆ. ಎಮ್ಮೆಗಳು ಅಪಾಯ ಕಂಡಾಗ ಓಡದೆ ಕೊಂಬು ಮುಂದಿಟ್ಟು ಒಟ್ಟಾಗಿ ನಿಲ್ಲುತ್ತವೆ ಎಂಬುದು ನಮ್ಮ ದನಗಾಹಿಗಳಿಗೂ ತಿಳಿದ ವಿಷಯ. ಮಿರಾಂಡ ಪ್ರದೇಶದ ಕೈಮಾನ್ ಎಂಬ 53,000 ಹೆಕ್ಟೇರಿನ ಫಜೆಂಡಾ 1980ರ ದಶಕದಲ್ಲೇ ದನ ಸಾಕಣೆಯ ಜೊತೆಗೆ ಪ್ರವಾಸಿ ವಸತಿಯನ್ನು ತೆರೆಯಿತು. ಅಲ್ಲಿ 2011ರಲ್ಲಿ ಮಾರಿಯೊ ಹಾಬೆರ್ಫೆಲ್ಡ್ ಆರಂಭಿಸಿದ ಓನ್ಸಾಫಾರಿ ಯೋಜನೆ, ದಕ್ಷಿಣ ಆಫ್ರಿಕಾದ ಚಿರತೆಗಳಂತೆ ಜಾಗ್ವಾರ್‌ಗಳನ್ನೂ ವಾಹನಗಳಿಗೆ ಹೆದರದಂತೆ ರೂಢಿ ಮಾಡಿಸಿತು. ತಾಯಿ ಸತ್ತು ಮನುಷ್ಯರ ಆರೈಕೆಯಲ್ಲಿ ಬೆಳೆದ ಎರಡು ಹೆಣ್ಣು ಜಾಗ್ವಾರ್‌ಗಳನ್ನು 2016ರಲ್ಲಿ ಕಾಡಿಗೆ ಮರಳಿಸಿತು. ಈ ಮಾದರಿಯ ಬಲವೇನೆಂದರೆ ಕರುವಿನ ನಷ್ಟವೂ ಪ್ರವಾಸಿಯ ಹಣವೂ ಒಂದೇ ಲೆಕ್ಕದ ಪುಸ್ತಕಕ್ಕೆ ಬಂದು ಬೀಳುತ್ತವೆ. ತೊರ್ತಾತೊ ತಂಡ ಪ್ರಶ್ನಿಸಿದ ಪ್ರವಾಸಿಗರಲ್ಲಿ ಬಹುಪಾಲು ಜನ ದನ ಕಳೆದುಕೊಂಡವರಿಗೆ ಪರಿಹಾರ ಕೊಡುವ ನಿಧಿಗೆ ಸ್ವಇಚ್ಛೆಯಿಂದ ಹಣ ಕೊಡಲು ಸಿದ್ಧರಿದ್ದರು. ಕೊಡುವ ಮನಸ್ಸಿದೆ. ನದೀದಡದಿಂದ ಒಳನಾಡಿನ ಮನೆಯಂಗಳಕ್ಕೆ ಆ ಹಣ ತಲುಪಿಸುವ ಕಾಲುವೆ ತೋಡಬೇಕಾಗಿದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ದನವೇ ತೊಂದರೆಯ ಮೂಲವಾದರೆ ಫಜೆಂಡಾಗಳನ್ನು ಕೊಂಡು, ದನ ಹೊರಹಾಕಿ, ಪೂರ್ತಿ ಉದ್ಯಾನ ಮಾಡಬಾರದೇಕೆ? ಕೆಲವೆಡೆ ಅದು ಸರಿಯಾದ ದಾರಿಯೇ. ಪರಾಗ್ವೆ ನದಿಯ ತೈಅಮಾ ದ್ವೀಪದಂಥ ಕಡೆ ಜಾಗ್ವಾರ್‌ಗಳು ಬಹುಮಟ್ಟಿಗೆ ಮೀನು–ಮೊಸಳೆಗಳನ್ನೇ ತಿಂದು ದಟ್ಟವಾಗಿ ಬದುಕುತ್ತವೆ. ಅಲ್ಲಿ ದನದ ಮಾತೇ ಬೇಡ. ಆದರೆ ಇಡೀ ಬಯಲಿಗೆ ಈ ಸೂತ್ರ ಹೊಂದದು ಎಂಬುದನ್ನು ನೀಲಿ ಮಕಾ ಗಿಳಿಯ ಕಥೆ ಹೇಳುತ್ತದೆ. ಗಿಳಿಗಳಲ್ಲೆಲ್ಲ ಉದ್ದವಾದ ಈ ಹಕ್ಕಿ ಪಂಜರದ ವ್ಯಾಪಾರದಿಂದ ಪಾಂತನಾಲಿನಲ್ಲಿ 1980ರ ದಶಕದ ಹೊತ್ತಿಗೆ ಸುಮಾರು 1,500ಕ್ಕೆ ಇಳಿದಿತ್ತು. 1990ರಲ್ಲಿ ನೇವಾ ಗೆಡೆಸ್ ಆರಂಭಿಸಿದ ಕೆಲಸದಿಂದ, ಗೂಡುಪೆಟ್ಟಿಗೆಗಳಿಂದ, ಫಜೆಂಡಾ ಮಾಲೀಕರ ಸಹಕಾರದಿಂದ ಅದು ಸುಮಾರು 5,000ಕ್ಕೆ ಏರಿತು. ಈ ಹಕ್ಕಿ ಗೂಡು ಕಟ್ಟುವುದು ಬಹುತೇಕ ಮಂದುವಿ ಎಂಬ ಒಂದೇ ಜಾತಿಯ ಮರದ ಪೊಟರೆಯಲ್ಲಿ. ನಮ್ಮ ಕಾಡುಗಳಲ್ಲೂ ಬಂಧುಗಳಿರುವ ಸ್ಟರ್ಕ್ಯುಲಿಯಾ ಕುಲದ ಮರ ಅದು, ಅರುವತ್ತು ವರ್ಷ ದಾಟದೆ ತಕ್ಕಷ್ಟು ದೊಡ್ಡ ಪೊಟರೆ ಆಗುವುದಿಲ್ಲ. ಮಂದುವಿಯ ಬೀಜವನ್ನು ಹರಡುವುದು ಹೆಚ್ಚಾಗಿ ಟೊಕೊ ಟೂಕನ್ ಹಕ್ಕಿ. ಅದೇ ಟೂಕನ್ ಮಕಾ ಗಿಳಿಯ ಮೊಟ್ಟೆಗಳನ್ನು ಕದಿಯುವವರಲ್ಲಿ ಮೊದಲಿನದು. ಶತ್ರುವನ್ನು ತೆಗೆದರೆ ಮನೆಯೇ ಇಲ್ಲವಾಗುವ ಗಂಟು ಇದು. ದನವೂ ಈ ಗಂಟಿನೊಳಗೇ ಇದೆ. ಮಕಾ ಗಿಳಿ ತಿನ್ನುವ ಅಕುರಿ ತಾಳೆಯ ಗಟ್ಟಿ ಬೀಜಗಳ ಮೇಲಿನ ತಿರುಳನ್ನು ದನಗಳು ತಿಂದು ಬೀಜವನ್ನು ಉಗುಳುತ್ತವೆ ಅಥವಾ ಸಗಣಿಯಲ್ಲಿ ಬಿಡುತ್ತವೆ. ಗಿಳಿಗಳು ಆ ಸಿದ್ಧ ಬೀಜಗಳನ್ನು ಹೆಕ್ಕುತ್ತವೆ. ಸಾವಿರಾರು ವರ್ಷಗಳ ಹಿಂದೆ ಅಳಿದುಹೋದ ದೈತ್ಯ ಸಸ್ಯಾಹಾರಿಗಳು ಮಾಡುತ್ತಿದ್ದ ಕೆಲಸವನ್ನು ಇಂದು ನೆಲ್ಲೂರಿನ ದನ ಮಾಡುತ್ತಿದೆ ಎಂಬ ವಾದ ವಿಜ್ಞಾನಿಗಳ ನಡುವೆ ಇದೆ. ದನ ಮೇಯದೆ ಬಿಟ್ಟ ಹುಲ್ಲು ಒಣಗಿ ಆಳೆತ್ತರದ ಸೌದೆಯಾಗುತ್ತದೆ, ಅದಕ್ಕೆ ಬಿದ್ದ ಕಿಡಿ ನಿಲ್ಲುವುದಿಲ್ಲ ಎಂದು ದನಗಾಹಿಗಳು ಹೇಳುವುದನ್ನೂ ಸ್ವಾರ್ಥದ ಮಾತೆಂದು ತಳ್ಳಿಹಾಕುವಂತಿಲ್ಲ. 1997ರಲ್ಲಿ ಆರಂಭವಾದ, ಬ್ರೆಜಿಲ್‌ನ ಅತಿ ದೊಡ್ಡ ಖಾಸಗಿ ರಕ್ಷಿತಾರಣ್ಯವಾದ ಸೆಸ್ಕ್ ಪಾಂತನಾಲ್‌ನ ಬಹುಭಾಗ 2020ರಲ್ಲಿ ಸುಟ್ಟುಹೋಯಿತು. ಹಾಗೆಂದು ದನ ಇದ್ದರೆ ಬೆಂಕಿಯಿಲ್ಲ ಎಂದು ತೀರ್ಮಾನಿಸುವುದೂ ತಪ್ಪು. ಆ ವರ್ಷ ಫಜೆಂಡಾಗಳೂ ಅಷ್ಟೇ ಸುಟ್ಟವು, ಅನೇಕ ಬೆಂಕಿಗಳು ಹುಟ್ಟಿದ್ದೂ ಅಲ್ಲೇ. ಅಪಾಯ ಇರುವುದು ದನದಲ್ಲಲ್ಲ. ಸಹಜ ಹುಲ್ಲನ್ನು ಕಿತ್ತು, ಮರ ಕಡಿದು, ಆಫ್ರಿಕಾ ಮೂಲದ ಹುಲ್ಲು ಬಿತ್ತಿ ಹೆಚ್ಚು ದನ ತುಂಬುವ ಹೊಸ ಪದ್ಧತಿಯಲ್ಲಿ. ಹಳೆಯ ಫಜೆಂಡಾ ಲಾಭ ಕಾಣದೆ ಮಾರಾಟವಾದಾಗ ಕೊಳ್ಳುವವರು ಆ ಪದ್ಧತಿಯವರೇ. ಮಾಲೀಕ ಮಾರದಂತೆ ತಡೆಯುವ ಎರಡನೆಯ ಆದಾಯವಾಗಿ ಪ್ರವಾಸೋದ್ಯಮ ನಿಂತರೆ, ಅಲ್ಲೇ ಅದರ ನಿಜವಾದ ಸಂರಕ್ಷಣಾ ಬೆಲೆ.

ಎರಡನೆಯ ಆಕ್ಷೇಪ ಹೆಚ್ಚು ಕಟುವಾದದ್ದು: ಪ್ರವಾಸ ಪ್ರಾಣಿಯನ್ನೇ ಕೆಡಿಸುತ್ತದೆ. ಒಂದು ಜಾಗ್ವಾರ್ ಕಂಡೊಡನೆ ರೇಡಿಯೊದಲ್ಲಿ ಸುದ್ದಿ ಹರಡಿ ಹತ್ತಾರು ದೋಣಿಗಳು ಅದರ ದಾರಿಗೆ ಅಡ್ಡ ನಿಲ್ಲುತ್ತವೆ. ಈಜಿ ದಾಟಬೇಕಾದ ತಾಯಿ–ಮರಿ ಬೇರೆಯಾಗುವುದು, ಬೇಟೆ ತಪ್ಪುವುದು ಇವೆಲ್ಲ ಅಲ್ಲಿ ನಡೆಯುವಂಥವೇ. ಇನ್ನೂ ಕೆಟ್ಟದ್ದು ಮಾಂಸದ ಆಮಿಷ ಹಾಕಿ ಪ್ರಾಣಿಯನ್ನು ಕರೆಯುವ ಚಾಳಿ. ನಿಯಮಗಳು ಅದನ್ನು ನಿಷೇಧಿಸಿದ್ದರೂ ಅದು ಪೂರ್ತಿ ನಿಂತಿಲ್ಲ. 2025ರ ಏಪ್ರಿಲ್‌ನಲ್ಲಿ ಮಾತೊ ಗ್ರೊಸೊ ದೊ ಸುಲ್‌ನ ನದೀತೀರದ ಮೀನುಗಾರಿಕೆ ನೆಲೆಯೊಂದರ ಕಾವಲುಗಾರನನ್ನು ಜಾಗ್ವಾರ್ ಕೊಂದಾಗ, ಆ ಸುತ್ತಿನಲ್ಲಿ ಪ್ರಾಣಿಗಳಿಗೆ ಆಹಾರ ಹಾಕುತ್ತಿದ್ದರೇ ಎಂಬ ಪ್ರಶ್ನೆ ಮೊದಲು ಎದ್ದದ್ದು ಇದೇ ಕಾರಣಕ್ಕೆ. ಜಾಗ್ವಾರ್ ತಾನಾಗಿ ಮನುಷ್ಯನ ಮೇಲೆ ಬೀಳುವುದು ಅತ್ಯಂತ ಅಪರೂಪ. ಮನುಷ್ಯನ ವಾಸನೆಯೊಂದಿಗೆ ಊಟವನ್ನು ಜೋಡಿಸಿಕೊಂಡ ಪ್ರಾಣಿಯ ನಡತೆಯನ್ನು ಮಾತ್ರ ಯಾರೂ ಊಹಿಸಲಾರರು. ಆದ್ದರಿಂದ ಎರಡನ್ನು ಬೇರೆ ಮಾಡಿ ನೋಡಬೇಕು. ದೋಣಿಯನ್ನು ಕಂಡು ಓಡದಿರುವುದು ಒಂದು, ದೋಣಿಯಿಂದ ಏನೋ ಸಿಗುತ್ತದೆಂದು ಹತ್ತಿರ ಬರುವುದು ಇನ್ನೊಂದು. ಮೊದಲನೆಯದು ಬೇಟೆ ನಿಂತ ನೆಲದಲ್ಲಿ ಸಹಜವಾಗಿಯೇ ಬರುವ ನೆಮ್ಮದಿ, ಎರಡನೆಯದು ಮನುಷ್ಯ ಹುಟ್ಟಿಸಿದ ಕೇಡು. ಮೊದಲನೆಯದಕ್ಕೂ ಒಂದು ಷರತ್ತಿದೆ. ಉದ್ಯಾನದ ಅಂಚಿನಲ್ಲಿ ನಿರ್ಭಯವಾಗಿ ಮಲಗುವ ಪ್ರಾಣಿ ಹತ್ತು ಕಿಲೋಮೀಟರ್ ನಡೆದು ಬಂದೂಕಿರುವ ಫಜೆಂಡಾಗೆ ಹೋದರೆ ಆ ನಿರ್ಭಯವೇ ಅದಕ್ಕೆ ಮುಳುವಾಗುತ್ತದೆ. ಹೀಗಾಗಿ ದೋಣಿಗಳ ಸಂಖ್ಯೆ ಮತ್ತು ಅಂತರದ ನಿಯಮವನ್ನು ಬಿಗಿಯಾಗಿ ಪಾಲಿಸುವುದು ಪ್ರವಾಸಿಗರ ಹಿತಕ್ಕಿಂತ ಪ್ರಾಣಿಯ ಹಿತದ ಪ್ರಶ್ನೆ, ಆ ಹಿತವೂ ಅಕ್ಕಪಕ್ಕದ ಫಜೆಂಡಾಗಳ ಒಪ್ಪಿಗೆಯಿಲ್ಲದೆ ಅರ್ಧಕ್ಕೇ ನಿಲ್ಲುತ್ತದೆ.

ಮೂರನೆಯ ಆಕ್ಷೇಪಕ್ಕೆ 2020ನೇ ಇಸವಿಯೇ ಸಾಕ್ಷಿ. ಕೋವಿಡ್‌ನಿಂದ ವಿಮಾನಗಳು ನಿಂತವು, ವಸತಿಗೃಹಗಳು ಖಾಲಿಯಾದವು. ಅದೇ ವರ್ಷ ನೆರೆ ಬರಲಿಲ್ಲ. ಬ್ರೆಜಿಲ್ ಪಾಂತನಾಲಿನ ಸುಮಾರು ಶೇಕಡ 30 ಭಾಗ ಸುಟ್ಟಿತು. ಎನ್‌ಕೊಂತ್ರೊ ದಾಸ್ ಆಗ್ವಾಸ್ ಉದ್ಯಾನದ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಭಾಗ ಬೂದಿಯಾಯಿತು. ಒಂದು ಕಾಲಕ್ಕೆ ಅಳಿದೇಹೋದರೆಂದು ಹೊರಜಗತ್ತು ನಂಬಿದ್ದ, ತಲೆತಲಾಂತರದಿಂದ ದೋಣಿಯಲ್ಲೇ ಬಾಳಿದ ಗುವಾತೊ ಆದಿವಾಸಿಗಳ ನೆಲವೂ ಬೆಂಕಿಗೆ ತುತ್ತಾಯಿತು. ವಾಲ್ಫ್ರಿಡೊ ತೊಮಾಸ್ ಮತ್ತು ಸಂಗಡಿಗರು ಸುಟ್ಟ ನೆಲದಲ್ಲಿ ನಡೆದು ಕಳೇಬರಗಳನ್ನು ಎಣಿಸಿ, ನೇರವಾಗಿ ಸತ್ತ ಕಶೇರುಕಗಳ ಸಂಖ್ಯೆ ಸುಮಾರು 1.7 ಕೋಟಿ ಎಂದು ಅಂದಾಜು ಮಾಡಿದರು. ಹೆಚ್ಚಿನವು ಹಾವಿನಂಥ ಸಣ್ಣ ಜೀವಿಗಳು, ಯಾವ ಪ್ರವಾಸಿಯೂ ನೋಡಲು ಬರದಂಥವು. ಪಾಂತನಾಲಿನ ಜಾಗ್ವಾರ್‌ಗಳಲ್ಲಿ ಶೇಕಡ 45ರಷ್ಟಕ್ಕೆ ಆ ಬೆಂಕಿ ತಟ್ಟಿತೆಂದು ಇನ್ನೊಂದು ಅಧ್ಯಯನ ಹೇಳಿತು. ಇಷ್ಟು ಸುಲಭವಾಗಿ ನಿಲ್ಲುವ ಉದ್ಯಮವನ್ನು ನಂಬಿ ಕಾಡು ಕಾಯಬಹುದೇ ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. ಆದರೂ ಅದೇ ಬೆಂಕಿಯಲ್ಲಿ ಪ್ರವಾಸದ ಜನರೇ ದೋಣಿ, ಪಂಪು, ಊಟ ಒದಗಿಸಿದರು. ಸುಟ್ಟ ಪಾದಗಳ ಜಾಗ್ವಾರ್‌ಗಳನ್ನು ಚಿಕಿತ್ಸೆಗೆ ಸಾಗಿಸುವಲ್ಲಿ ಚಾಲಕರು, ಮಾರ್ಗದರ್ಶಕರು ನೆರವಾದರು. ಜಗತ್ತಿನ ಕಣ್ಣು ಅಲ್ಲಿಗೆ ತಿರುಗಿದ್ದಕ್ಕೆ ಅವರು ತೆಗೆದ ಚಿತ್ರಗಳೂ ಕಾರಣ. ಸೆರಾದೊ ಎಂಬ ಪಕ್ಕದ ಸವನ್ನಾದಲ್ಲಿ ದಶಕಗಳಿಂದ ನಡೆದ ನಾಶಕ್ಕೆ ಅಂಥ ಸಾಕ್ಷಿಗಳು ಸಿಗಲಿಲ್ಲ. ಉದ್ಯಮ ನಿಂತಾಗಲೂ ಉಳಿಯುವುದು ಅದು ಬೆಳೆಸಿದ ಜನ. ಅವರ ಕೂಲಿ ನಾಲ್ಕು ತಿಂಗಳಿಗಷ್ಟೇ ಸೀಮಿತವಾಗಿರುವವರೆಗೆ ಆ ಬಲವನ್ನು ನಂಬಿ ಕೂರಲಾಗದು ಎಂಬುದೂ ಅಷ್ಟೇ ನಿಜ.

ಬೆಂಕಿಯ ಹಿಂದೆ ನೀರಿನ ಕೊರತೆಯಿದೆ, ಅದರ ಬೇರು ಬಯಲಿನ ಹೊರಗಿದೆ. ಕೊರುಂಬಾ ಪಕ್ಕದ ಲದಾರಿಯೊದಲ್ಲಿ ಪರಾಗ್ವೆ ನದಿಯ ಮಟ್ಟವನ್ನು 1900ರಿಂದ ಅಳೆಯುತ್ತ ಬಂದಿದ್ದಾರೆ. ಆ ದಾಖಲೆಯ ಪ್ರಕಾರ 1964ರಿಂದ 1973ರವರೆಗೆ ದೊಡ್ಡ ಬರವಿತ್ತು, 1974ರಲ್ಲಿ ನೆರೆ ಮರಳಿತು, 1988ರಲ್ಲಿ ಆರೂವರೆ ಮೀಟರಿಗೂ ಮೇಲೇರಿತು. 2024ರ ಅಕ್ಟೋಬರಿನಲ್ಲಿ ಅದು ಸೊನ್ನೆಯ ಗುರುತಿಗಿಂತ 69 ಸೆಂಟಿಮೀಟರ್ ಕೆಳಗಿಳಿದು, ಅಳತೆ ಆರಂಭವಾದಂದಿನಿಂದ ಕಾಣದ ಕನಿಷ್ಠವನ್ನು ಮುಟ್ಟಿತು. ಬಯಲಿಗೆ ಬರುವ ನದಿಗಳೆಲ್ಲ ಹುಟ್ಟುವುದು ಸುತ್ತಲಿನ ಎತ್ತರದ ನಾಡಿನಲ್ಲಿ. ಅಲ್ಲಿ 1970ರ ದಶಕದಿಂದ ಸೆರಾದೊ ಕಡಿದು ಸೋಯಾ ಬೆಳೆ, ಮೇವಿನ ಹುಲ್ಲು ಹಾಕಿದರು. ಸಡಿಲಗೊಂಡ ಮರಳು ಮಣ್ಣು ತಕ್ವಾರಿ ನದಿಯಲ್ಲಿ ಇಳಿದುಬಂದು ಅದರ ಪಾತ್ರವನ್ನೇ ತುಂಬಿತು. ನದಿ ದಡ ಒಡೆದು ಬೇರೆ ದಾರಿ ಹಿಡಿಯಿತು. ಸಾವಿರಾರು ಚದರ ಕಿಲೋಮೀಟರ್ ಮೇವಿನ ಬಯಲು ಕಾಯಂ ನೀರಿನಡಿ ಹೋಯಿತು. ಕೆಳಗಿನ ಫಜೆಂಡಾದವರು ಏನೂ ತಪ್ಪು ಮಾಡದೆ ನೆಲೆ ಕಳೆದುಕೊಂಡರು. ಕುಯಿಯಬಾ ನದಿಯ ಉಪನದಿಗೆ ಕಟ್ಟಿದ, 1999–2000ದಲ್ಲಿ ತುಂಬಿದ ಮಾನ್ಸೊ ಜಲಾಶಯ ಮಳೆಗಾಲದ ಏರನ್ನು ತಗ್ಗಿಸಿ ಒಣಕಾಲದ ಹರಿವನ್ನು ಹೆಚ್ಚಿಸಿತು. ಕೇಳಲು ಒಳ್ಳೆಯದೆನಿಸುವ ಈ ಸಮಗೊಳಿಸುವಿಕೆ ಏರಿಳಿತವನ್ನೇ ನಂಬಿದ ಬಯಲಿಗೆ ಉಸಿರು ಕಟ್ಟಿಸಿದಂತೆ. ಮೇಲಿನ ಜಲಾನಯನದಲ್ಲಿ ಇನ್ನೂ ನೂರಕ್ಕೂ ಹೆಚ್ಚು, ಹೆಚ್ಚಿನವು ಸಣ್ಣವೇ ಆದ, ವಿದ್ಯುತ್ ಯೋಜನೆಗಳ ಪ್ರಸ್ತಾಪವಿದೆ. ಮೊಟ್ಟೆಯಿಡಲು ಮೇಲಕ್ಕೆ ಈಜುವ ಪಾಕು, ಪಿಂತಾದೊ, ದೊರಾದೊ ಮೀನುಗಳಿಗೆ ಪ್ರತಿಯೊಂದೂ ಒಂದು ಗೋಡೆ. ಬ್ರೆಜಿಲ್‌ನ ಕಾಸೆರೆಸ್‌ನಿಂದ ಉರುಗ್ವೆಯ ನುಯೆವಾ ಪಾಲ್ಮಿರಾ ತನಕ ಸುಮಾರು 3,400 ಕಿಲೋಮೀಟರ್ ಜಲಮಾರ್ಗ ಮಾಡಲು ನದಿಯ ತಿರುವುಗಳನ್ನು ನೇರ ಮಾಡಿ ತಳ ಅಗೆಯುವ ಯೋಜನೆ 1990ರ ದಶಕದಲ್ಲಿ ಬಂದಾಗ, ವಿಜ್ಞಾನಿಗಳು ಮತ್ತು ಜನಸಂಘಟನೆಗಳ ಒತ್ತಡದಿಂದ ಬ್ರೆಜಿಲ್ ಮೇಲ್ಭಾಗದ ಕೆಲಸದಿಂದ ಹಿಂದೆ ಸರಿಯಿತು. ಸೋಯಾ ಸಾಗಿಸುವ ಒತ್ತಡದಿಂದ ಆ ಯೋಜನೆ ಮತ್ತೆ ಮತ್ತೆ ತಲೆಯೆತ್ತುತ್ತಿದೆ.

ಈ ನೀರಿನ ಪ್ರಶ್ನೆಯಲ್ಲಿ ಪ್ರವಾಸೋದ್ಯಮದ ದನಿ ಈವರೆಗೆ ತಗ್ಗಿದ್ದೇ ನನ್ನ ಮುಖ್ಯ ತಕರಾರು. ಜಾಗ್ವಾರ್ ವಸತಿಗೃಹದ ಗೋಡೆಯ ಮೇಲೆ ಪ್ರಾಣಿಗಳ ಚಿತ್ರವಿರುತ್ತದೆ, ಜಲಾನಯನದ ನಕ್ಷೆ ಇರುವುದು ಕಡಿಮೆ. ಮೀನುಗಾರಿಕೆಯ ಪ್ರವಾಸಕ್ಕೆ ಇದರ ಬಿಸಿ ಮೊದಲೇ ತಟ್ಟಿದೆ. ಮೀನು ಕಡಿಮೆಯಾದಂತೆ ರಾಜ್ಯಗಳು ನಿರ್ಬಂಧ ಹೆಚ್ಚಿಸುತ್ತ ಬಂದಿವೆ. 2023ರಲ್ಲಿ ಮಾತೊ ಗ್ರೊಸೊ ಅನೇಕ ಜಾತಿಯ ಮೀನುಗಳ ಸಾಗಾಟವನ್ನೇ ಐದು ವರ್ಷಗಳ ಮಟ್ಟಿಗೆ ನಿಲ್ಲಿಸುವ ಕಾನೂನು ತಂದಿತು. ಹೊಡೆತ ಬಿದ್ದದ್ದು ನಗರದಿಂದ ಬರುವ ಹವ್ಯಾಸಿಗಳಿಗಿಂತ ಹೆಚ್ಚಾಗಿ ನದಿಯನ್ನೇ ನಂಬಿದ ಬೆಸ್ತರಿಗೆ. ಪೋರ್ಟೊ ದಾ ಮಂಗದಂಥ ಹಳ್ಳಿಗಳಲ್ಲಿ ಹೆಂಗಸರು ಎದೆಮಟ್ಟದ ನೀರಿನಲ್ಲಿ ರಾತ್ರಿಯೆಲ್ಲ ನಿಂತು ಜಲಸಸ್ಯಗಳ ಬುಡದಿಂದ ತುವಿರಾ ಎಂಬ ಸಣ್ಣ ಮೀನು ಹಿಡಿದು ಗಾಳದ ಜೀವಂತ ಆಮಿಷವಾಗಿ ಮಾರುತ್ತಾರೆ. ಪ್ರವಾಸದ ಸರಪಳಿಯಲ್ಲಿ ಅತ್ಯಂತ ಕೆಳಗಿನ, ಅತ್ಯಂತ ಕಷ್ಟದ ದುಡಿಮೆ ಅದು. ಸಹಬಾಳ್ವೆಯ ಮಾತಾಡುವ ಯಾವುದೇ ಯೋಜನೆ ಇವರನ್ನು ಮೊದಲ ಸಾಲಿನಲ್ಲಿ ಇಡದಿದ್ದರೆ ಅದು ಅಪೂರ್ಣ. ಮೀನು ಕಡಿಮೆಯಾದದ್ದಕ್ಕೆ ಕಾರಣ ಗಾಳವೋ ಅಣೆಕಟ್ಟೋ ಎಂಬ ಪ್ರಶ್ನೆಯನ್ನು ಬಿಟ್ಟು ಬೆಸ್ತರ ಕೈಯನ್ನಷ್ಟೇ ಕಟ್ಟುವುದು ನ್ಯಾಯವೂ ಅಲ್ಲ, ವಿಜ್ಞಾನವೂ ಅಲ್ಲ.

ಕಾನೂನಿನ ಕಡೆಯಿಂದ ಇತ್ತೀಚೆಗೆ ಬಂದ ಬದಲಾವಣೆಗಳು ಈ ದಿಕ್ಕಿನಲ್ಲಿ ಸ್ವಲ್ಪ ದೂರ ಹೋಗಿವೆ. 1988ರ ಸಂವಿಧಾನವೇ ಪಾಂತನಾಲನ್ನು ರಾಷ್ಟ್ರೀಯ ಆಸ್ತಿಯೆಂದು ಕರೆದಿದ್ದರೂ ಅದನ್ನು ವಿವರಿಸುವ ಶಾಸನ ದಶಕಗಳ ಕಾಲ ಬರಲಿಲ್ಲ. 2023ರ ಡಿಸೆಂಬರಿನಲ್ಲಿ ಮಾತೊ ಗ್ರೊಸೊ ದೊ ಸುಲ್ ಅಂಗೀಕರಿಸಿದ ಪಾಂತನಾಲ್ ಕಾನೂನು ಪ್ರತಿ ಹಿಡುವಳಿಯಲ್ಲೂ ಅರಣ್ಯದ ಅರ್ಧ ಭಾಗ ಮತ್ತು ಸೆರಾದೊ ಸಸ್ಯವರ್ಗದ ಶೇಕಡ 40 ಭಾಗ ಉಳಿಸಬೇಕೆಂದಿತು, ಬಯಲಿನಲ್ಲಿ ಹೊಸದಾಗಿ ಸೋಯಾ ಮತ್ತು ಕಬ್ಬು ಹಾಕುವುದನ್ನು ತಡೆಯಿತು, ನೆಲವನ್ನು ಕೆಡಿಸದೆ ಇಟ್ಟುಕೊಳ್ಳುವ ಮಾಲೀಕರಿಗೆ ಹಣ ಕೊಡಲು ನಿಧಿ ಸ್ಥಾಪಿಸಿತು. 2024ರ ಜುಲೈ ಕೊನೆಯಲ್ಲಿ ಬಂದ ರಾಷ್ಟ್ರೀಯ ಶಾಸನ, ಎಲ್ಲ ಬೆಂಕಿಯನ್ನೂ ಅಪರಾಧವೆಂದು ಕಾಣುವ ಬದಲು, ಸರಿಯಾದ ಕಾಲದಲ್ಲಿ ಹದವಾಗಿ ಸುಡುವ ಹಳೆಯ ಪದ್ಧತಿಯನ್ನೂ ಬೆಂಕಿ ನಿರ್ವಹಣೆಯ ಒಂದು ಭಾಗವೆಂದು ಒಪ್ಪಿತು. ಅದಾದ ವಾರವೇ, ಆಗಸ್ಟಿನಲ್ಲಿ, ಕೈಮಾನ್ ಫಜೆಂಡಾದ ಬಹುಭಾಗ ಸುಟ್ಟಿತು. ಗಿಳಿಗಳ ಗೂಡುಮರಗಳೂ ಅದರಲ್ಲಿದ್ದವು. ಮಾದರಿಯೆಂದು ಎಲ್ಲರೂ ತೋರಿಸುತ್ತಿದ್ದ ಹಿಡುವಳಿಗೂ ತನ್ನ ಬೇಲಿಯೊಳಗಿನ ಒಳ್ಳೆಯತನ ಸಾಕಾಗಲಿಲ್ಲ.

2020ರ ನಂತರ ಎಸ್‌ಒಎಸ್ ಪಾಂತನಾಲ್ ಸಂಸ್ಥೆ ಫಜೆಂಡಾಗಳಲ್ಲೂ ಹಳ್ಳಿಗಳಲ್ಲೂ ಸ್ಥಳೀಯರಿಗೆ ತರಬೇತಿ ಕೊಟ್ಟು ಬೆಂಕಿ ತಡೆಯುವ ತಂಡಗಳನ್ನು ಕಟ್ಟತೊಡಗಿತು. ಅವುಗಳ ಕೆಲಸದ ಹೆಚ್ಚಿನ ಪಾಲು ನಡೆಯಬೇಕಾದದ್ದು ನೀರು ಇಳಿಯಲು ಆರಂಭಿಸಿ ಹುಲ್ಲು ಇನ್ನೂ ಹಸಿಯಾಗಿರುವ ಹೊತ್ತಿನಲ್ಲಿ: ದಾರಿಗಳ ಅಂಚು ಸವರುವುದು, ಬೆಂಕಿಗೆ ತಡೆಪಟ್ಟಿ ಹೊಡೆಯುವುದು, ಒಣಗಬಹುದಾದ ಹುಲ್ಲನ್ನು ಮೊದಲೇ ತುಸುತುಸುವಾಗಿ ಸುಡುವುದು. ಪೋರ್ಟೊ ಜೋಫ್ರೆಗೆ ಮೊದಲ ಪ್ರವಾಸಿ ದೋಣಿಗಳು ಇಳಿಯುವ ಹೊತ್ತಿಗೆ ಆ ಕೆಲಸ ಮುಗಿದಿರಬೇಕು. ಅದಕ್ಕೆ ಬೇಕಾದ ಕೂಲಿ, ಡೀಸೆಲ್, ಪಂಪು ಹಿಂದಿನ ಋತುವಿನ ಗಳಿಕೆಯಿಂದಲೇ ಬರಬೇಕು.